ಮಿಕ್ ಪಕ್ಷ, ಕೀತ್ ಪಕ್ಷ

ಬ್ರಿಟನ್ನಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಅಭಿಮಾನಿಗಳು ನಾಲ್ಕು ಜನ ಸೇರಿದ ಕಡೆ ಮೊದಲ ಲೋಟ ಕಾಫಿ ಖಾಲಿಯಾಗುವುದರೊಳಗೆ ಎರಡು ಪಕ್ಷಗಳಾಗಿರುತ್ತವೆ. ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಪಕ್ಷದವರದ್ದು ಒಂದೇ ದೂರು: ಗಾಯಕ ಮಿಕ್ ಜಾಗರ್ ಲೆಕ್ಕಾಚಾರದ ಆಸಾಮಿ, ಜುಗ್ಗ, ಕನ್ನಡಿ ಬಿಟ್ಟು ಬೇರೆ ಗೆಳೆಯರಿಲ್ಲದವನು. ಮಿಕ್ ಪಕ್ಷದವರ ಉತ್ತರವೂ ಒಂದೇ: ಲೆಕ್ಕ ಇಟ್ಟವನು ಅವನೊಬ್ಬ ಇದ್ದದ್ದಕ್ಕೇ ನಿಮ್ಮ ಕೀತ್‌ಗೆ ಇವತ್ತಿಗೂ ಸಂಬಳ ಬರುತ್ತಿದೆ. ಇಲ್ಲಿಂದ ಮುಂದೆ ಬಿಲ್ ಬರುವ ತನಕ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ಈ ಜಗಳಕ್ಕೆ ಹೊಸದಾಗಿ ಇಳಿಯುವವರು ಮೊದಲು ನೋಡಿಕೊಳ್ಳಬೇಕಾದದ್ದು ಸಾಕ್ಷಿ ಯಾರದ್ದು ಅಂತ. ಮಿಕ್ ವಿರುದ್ಧದ ಆಪಾದನೆಗಳಲ್ಲಿ ಮುಕ್ಕಾಲುಪಾಲು ಹುಟ್ಟಿರುವುದು 2010ರಲ್ಲಿ ಬಂದ ಕೀತ್‌ನ ಆತ್ಮಕಥೆ ‘ಲೈಫ್’ನಲ್ಲಿ. ಅಂದರೆ ಫಿರ್ಯಾದಿಯೂ ಅವನೇ, ಸಾಕ್ಷಿಯೂ ಅವನೇ, ತೀರ್ಪು ಬರೆದವನೂ ಅವನೇ. ಬ್ರೆಂಡಾ ಜಾಗರ್ ಎಂಬ ಕಾದಂಬರಿಕಾರ್ತಿಯ ಪುಸ್ತಕ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದೇ ತಡ, ಮಿಕ್‌ಗೆ ‘ಬ್ರೆಂಡಾ’ ಎಂದು ಅಡ್ಡಹೆಸರಿಟ್ಟು, ಅವನು ಎದುರಿಗೇ ಕೂತಿದ್ದಾಗಲೂ ಬ್ರೆಂಡಾಳ ಬಗ್ಗೆ ಹರಟುತ್ತಿದ್ದರು ಎಂಬುದು ಅದೇ ಪುಸ್ತಕದ ಸಂಗತಿ. ಹಾಗಾದರೆ ಪ್ರತಿವಾದಿಯ ಹೇಳಿಕೆ ಎಲ್ಲಿ? ಅದೇ ಇಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಮಿಕ್ ಆತ್ಮಕಥೆಗೆ ಒಪ್ಪಿ, ಲಂಡನ್ನಿನ ಪ್ರಕಾಶಕರಿಂದ ದೊಡ್ಡ ಮುಂಗಡ ತೆಗೆದುಕೊಂಡು, ಬರೆಯಲು ಸಹಾಯಕನನ್ನೂ ಇಟ್ಟುಕೊಂಡ. ಹಳೆಯದನ್ನೆಲ್ಲ ಕೆದಕುವುದು ಬೇಜಾರೆನಿಸಿ ಪುಸ್ತಕವನ್ನು ಅಲ್ಲಿಗೇ ಬಿಟ್ಟು ದುಡ್ಡು ವಾಪಸ್ ಕೊಟ್ಟ. ‘ಜುಗ್ಗ’ ಎಂದು ಯಾರಾದರೂ ದನಿ ಎತ್ತಿದ ಕೂಡಲೇ ಮಿಕ್ ಪಕ್ಷದವರು ಎಸೆಯಬೇಕಾದ ಮೊದಲ ಕಲ್ಲು ಇದು: ಬಂದ ಮುಂಗಡವನ್ನು ಹಿಂದಕ್ಕೆ ಕೊಟ್ಟ ಜುಗ್ಗನನ್ನು ಎಲ್ಲಾದರೂ ಕಂಡಿದ್ದೀರಾ? ಎರಡನೆಯ ಕಲ್ಲು 2019ರದು. ಆ ವರ್ಷ ಮಿಕ್ ಮತ್ತು ಕೀತ್ ಇಬ್ಬರೂ ‘ಬಿಟರ್ ಸ್ವೀಟ್ ಸಿಂಫನಿ’ ಹಾಡಿನ ಮೇಲಿನ ತಮ್ಮ ಹಕ್ಕನ್ನು ಅದನ್ನು ಬರೆದು ಹಾಡಿದ ರಿಚರ್ಡ್ ಆಶ್‌ಕ್ರಾಫ್ಟ್‌ಗೆ ಬಿಟ್ಟುಕೊಟ್ಟರು. ಇದನ್ನು ಹುಷಾರಾಗಿ ಎಸೆಯಬೇಕು. ಕೀತ್ ಹೆಸರೂ ಅದರಲ್ಲಿರುವುದರಿಂದ ಅರ್ಧ ಪುಣ್ಯ ಎದುರು ಪಕ್ಷದ ಖಾತೆಗೆ ಹೋಗುತ್ತದೆ.

ಕೀತ್ ಪಕ್ಷದ ಬ್ರಹ್ಮಾಸ್ತ್ರ 1984ರ ಆಮ್‌ಸ್ಟರ್‌ಡ್ಯಾಂ ಪ್ರಕರಣ. ಬೆಳಗಿನ ಜಾವ, ಹೋಟೆಲ್ ಕೋಣೆ, ಮೂಗಿನ ಮಟ್ಟ ಕುಡಿದ ಮಿಕ್. ಬ್ಯಾಂಡಿನ ಡ್ರಮ್ಮರ್ ಚಾರ್ಲಿ ವಾಟ್ಸ್‌ನ ಕೋಣೆಗೆ ಫೋನ್ ಮಾಡಿ ‘ನನ್ನ ಡ್ರಮ್ಮರ್ ಎಲ್ಲಿ’ ಅಂದ. ಚಾರ್ಲಿ ಎದ್ದು, ಗಡ್ಡ ಹೆರೆದು, ಸೂಟು ಟೈ ಹಾಕಿ, ಸೆಂಟು ಪೂಸಿಕೊಂಡು ಬಂದು ಒಂದೇ ಒಂದು ಏಟು ಕೊಟ್ಟ. ಮಿಕ್ ಹಿಂದಕ್ಕೆ ಬಿದ್ದದ್ದು ಹೊಗೆಯಾಡಿಸಿದ ಸಾಲ್ಮನ್ ಮೀನಿನ ಬೆಳ್ಳಿ ತಟ್ಟೆಯ ಮೇಲೆ. ಮೀನಿನ ಎಣ್ಣೆಗೆ ಜಾರಿ ತೆರೆದ ಕಿಟಕಿಯತ್ತ ಹೊರಟ, ಕೆಳಗೆ ಕಾಲುವೆ. ಕೀತ್ ಗಬಕ್ಕನೆ ಹಿಡಿದುಕೊಂಡ. ಯಾಕೆಂದರೆ ಮಿಕ್ ತೊಟ್ಟಿದ್ದು ಕೀತ್‌ನ ಮದುವೆಯ ಕೋಟು. ಚಾರ್ಲಿ ಹೊಡೆದದ್ದು ನಿಜವೆಂದು ಚಾರ್ಲಿಯೇ ಮುಂದೆ ಒಪ್ಪಿದ್ದಾನೆ, ಕುಡಿದದ್ದು ಕಾರಣವೆಂದೂ ಹೇಳಿದ್ದಾನೆ. ಆದರೆ ಸಾಲ್ಮನ್, ಕಿಟಕಿ, ಕೋಟು ಇವೆಲ್ಲ ಕೀತ್‌ನ ಹೇಳಿಕೆ. ಸಾಲ್ಮನ್ ಸುಳ್ಳಿರಬಹುದು, ಆದರೆ ಅದನ್ನು ತೆಗೆದುಹಾಕಿ ಈ ಕಥೆ ಹೇಳುವ ಧೈರ್ಯ ಮಿಕ್ ಪಕ್ಷದವರಿಗೂ ಇಲ್ಲ.

ಲೆಕ್ಕಾಚಾರದ ವಿಷಯಕ್ಕೆ ಬಂದರೆ ಮಿಕ್ ಪಕ್ಷ ನಾಚಬೇಕಾಗಿಲ್ಲ. ಆತ ಓದಿದ್ದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ, ಪದವಿ ಮುಗಿಸದೆ 1963ರಲ್ಲಿ ಬಿಟ್ಟ. ಹಾಗೆ ಓದಿದವನೂ ಮ್ಯಾನೇಜರ್ ಅಲೆನ್ ಕ್ಲೈನ್ ಕೈಗೆ ಸಿಕ್ಕಿ ಅರವತ್ತರ ದಶಕದ ಹಾಡುಗಳ ಹಕ್ಕನ್ನೇ ಕಳೆದುಕೊಂಡ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವನೂ ಅವನೇ. ರೂಪರ್ಟ್ ಲೋವೆನ್‌ಸ್ಟೈನ್ ಎಂಬ ಬ್ಯಾಂಕರ್‌ನನ್ನು ಕರೆತಂದು, 1971ರಲ್ಲಿ ತೆರಿಗೆ ತಪ್ಪಿಸಲು ಇಡೀ ಬ್ಯಾಂಡನ್ನು ಫ್ರಾನ್ಸಿಗೆ ಸಾಗಿಸಿದರು. ಅಲ್ಲಿ ಕೀತ್‌ನ ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಧ್ವನಿಮುದ್ರಣ. ಬೇಸಿಗೆಯ ಸೆಕೆಗೆ ಗಿಟಾರ್‌ಗಳ ಶ್ರುತಿ ನಿಲ್ಲುತ್ತಿರಲಿಲ್ಲ. ಜನ ಇವತ್ತಿಗೂ ಆರಾಧಿಸುವ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಹೊರಬಂದದ್ದು ಆ ಸೆಕೆಯಲ್ಲಿ. ಅದು ಅಂಥ ದೊಡ್ಡ ಆಲ್ಬಂ ಏನಲ್ಲ ಎಂಬರ್ಥದಲ್ಲಿ ಮಿಕ್ ಹಲವು ಸಲ ಗೊಣಗಿದ್ದಾನೆ. ಅವನ ಅಭಿಮಾನಿಗಳು ಕ್ಷಮಿಸಲಾರದ ಏಕೈಕ ಅಪರಾಧ ಬಹುಶಃ ಇದೇ.

ಈಗ ನಿಜವಾದ ಕದನಕ್ಕೆ ಬರೋಣ: ಬ್ಯಾಂಡ್ ಬಿಟ್ಟು ಮಿಕ್ ಒಬ್ಬನೇ ತಂದ ಸೋಲೋ ಆಲ್ಬಂಗಳು. ಒಟ್ಟು ನಾಲ್ಕು. ‘ಶೀಸ್ ದ ಬಾಸ್’ 1985, ‘ಪ್ರಿಮಿಟಿವ್ ಕೂಲ್’ 1987, ‘ವಾಂಡರಿಂಗ್ ಸ್ಪಿರಿಟ್’ 1993, ‘ಗಾಡೆಸ್ ಇನ್ ದ ಡೋರ್‌ವೇ’ 2001. ಇವನ್ನು ಬಿಡುಗಡೆಯಾದ ಕ್ರಮದಲ್ಲಿ ಕೇಳುವುದೇ ಎಲ್ಲರೂ ಮಾಡುವ ತಪ್ಪು. ಮೊದಲ ಎರಡರಲ್ಲೇ ಸುಸ್ತಾಗಿ ಮೂರನೆಯದಕ್ಕೆ ಯಾರೂ ತಲುಪುವುದಿಲ್ಲ. ಸರಿಯಾದ ಕ್ರಮ ಮೂರು, ಒಂದು, ನಾಲ್ಕು. ಎರಡನೆಯದರಲ್ಲಿ ‘ಪಾರ್ಟಿ ಡಾಲ್’ ಎಂಬ ಒಂದು ಹಾಡು ಸಾಕು.

‘ಶೀಸ್ ದ ಬಾಸ್’ನಲ್ಲಿ ಏನು ಕೆಟ್ಟಿತು? ಜನ ಕೆಟ್ಟವರಲ್ಲ. ಗಿಟಾರ್‌ಗೆ ಜೆಫ್ ಬೆಕ್, ಕೀಬೋರ್ಡ್‌ಗೆ ಹರ್ಬಿ ಹ್ಯಾಂಕಾಕ್, ತಾಳಕ್ಕೆ ಜಮೈಕಾದ ಸ್ಲೈ–ರಾಬಿ ಜೋಡಿ, ನಿರ್ಮಾಣಕ್ಕೆ ಬಿಲ್ ಲಾಸ್ವೆಲ್ ಮತ್ತು ನೈಲ್ ರಾಜರ್ಸ್. ಕೆಟ್ಟದ್ದು ತಾಳದ ಲೆಕ್ಕ. ಸಾಮಾನ್ಯ ಬ್ಯಾಂಡಿನಲ್ಲಿ ಎಲ್ಲರೂ ಡ್ರಮ್ಮರ್‌ನನ್ನು ಅನುಸರಿಸುತ್ತಾರೆ. ಸ್ಟೋನ್ಸ್‌ನಲ್ಲಿ ಡ್ರಮ್ಮರ್ ಚಾರ್ಲಿ ಕೀತ್‌ನ ಗಿಟಾರನ್ನು ಅನುಸರಿಸುತ್ತಿದ್ದ. ಹಾಗಾಗಿ ಪೆಟ್ಟು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ, ಹಾಡು ಬೀಳಬಹುದೇನೋ ಅನ್ನಿಸಿ ಬೀಳದೆ ಸಾಗುತ್ತದೆ. ಮಿಕ್‌ನ ದನಿ ಬೆಳೆದದ್ದು ಆ ಸಂದಿಯಲ್ಲಿ. ಪದವನ್ನು ಎಳೆದು, ಅರ್ಧ ನುಂಗಿ, ತಡವಾಗಿ ಉಗುಳುವುದು ಅವನ ರೀತಿ. 1985ರ ಡ್ರಮ್ ಸದ್ದು ಹಾಗಲ್ಲ. ಯಂತ್ರದ ತಾಳ, ಪೆಟ್ಟಿನ ಸುತ್ತ ದೊಡ್ಡ ಪ್ರತಿಧ್ವನಿ ತುಂಬಿ ಅದನ್ನು ತಟ್ಟನೆ ಕತ್ತರಿಸುವ ‘ಗೇಟ್’ ಎಂಬ ಸಾಧನ, ಮೇಲೆ ಸಿಂಥಸೈಜರ್. ಸಂದಿಯೇ ಇಲ್ಲ. ಎಳೆದು ಹಾಡುವವನು ಅಲ್ಲಿ ಚಲಿಸುವ ಬಸ್ಸಿಗೆ ಹತ್ತಲು ಓಡುವವನ ಹಾಗೆ ಕೇಳಿಸುತ್ತಾನೆ. ಪರೀಕ್ಷೆ ಸುಲಭ: ‘ಜಸ್ಟ್ ಅನದರ್ ನೈಟ್’ನ ಮೊದಲ ಒಂದು ನಿಮಿಷ ಕೇಳಿ, ಮಾತಿನ ಬದಲು ಡ್ರಮ್ಮನ್ನೇ ಗಮನಿಸಿ. ಆಮೇಲೆ 1993ರ ‘ಸ್ವೀಟ್ ಥಿಂಗ್’ ಹಾಕಿ. ಅಲ್ಲಿ ಮಿಕ್ ಕಳ್ಳದನಿಯಲ್ಲಿ ಹಾಡಿದರೂ ಉಸಿರಾಡಲು ಜಾಗವಿದೆ.

‘ಜಸ್ಟ್ ಅನದರ್ ನೈಟ್’ಗೆ ಇನ್ನೊಂದು ಗ್ರಹಚಾರವೂ ಅಂಟಿತ್ತು. ಅದು ತನ್ನ ಹಾಡಿನ ನಕಲು ಎಂದು ಜಮೈಕಾದ ಗಾಯಕನೊಬ್ಬ ದಾವೆ ಹೂಡಿದ. 1988ರಲ್ಲಿ ಮಿಕ್ ನ್ಯೂಯಾರ್ಕ್ ರಾಜ್ಯದಲ್ಲಿರುವ ಫೆಡರಲ್ ನ್ಯಾಯಾಲಯದಲ್ಲಿ ಸಾಕ್ಷಿಕಟ್ಟೆಯಿಂದಲೇ ಹಾಡಿ ತೋರಿಸಿ ಗೆದ್ದ. ಆ ಆಲ್ಬಂಗೆ ಸಿಕ್ಕ ಅತ್ಯಂತ ಒಳ್ಳೆಯ ವಿಮರ್ಶೆ ಆ ತೀರ್ಪೇ ಎಂಬುದು ಕೀತ್ ಪಕ್ಷದ ಕುಹಕ.

1987ರ ‘ಲೆಟ್ಸ್ ವರ್ಕ್’ ಬಗ್ಗೆ ಎರಡೂ ಪಕ್ಷಗಳಲ್ಲಿ ಒಮ್ಮತವಿದೆ. ಕೋಟ್ಯಧಿಪತಿಯೊಬ್ಬ ಬಗೆಬಗೆಯ ಕೆಲಸಗಾರರ ಜೊತೆ ರಸ್ತೆಯಲ್ಲಿ ಓಡುತ್ತ ‘ಸೋಮಾರಿಗಳಾಗಬೇಡಿ, ದುಡಿಯಿರಿ’ ಎಂದು ಉಪದೇಶ ಮಾಡುವ ವಿಡಿಯೊ ಅದು. ಮಿಕ್ ಪಕ್ಷದವರು ಇದನ್ನು ಸಮರ್ಥಿಸಲು ಹೋಗಲೇಬಾರದು. ಮಾತು ಬದಲಿಸಿ, ತಿಂಡಿ ತರಿಸಿ.

ಕೀತ್‌ಗೆ ನಿಜಕ್ಕೂ ಉರಿದದ್ದು ಮಾತ್ರ 1988ರಲ್ಲಿ. ಮಾದಕ ವಸ್ತು ಪ್ರಕರಣದ ಹಳೆಯ ಶಿಕ್ಷೆಯ ಕಾರಣಕ್ಕೆ 1973ರಲ್ಲಿ ಮಿಕ್‌ಗೆ ಜಪಾನ್ ವೀಸಾ ಸಿಗದೆ ಸ್ಟೋನ್ಸ್ ಕಾರ್ಯಕ್ರಮಗಳೇ ರದ್ದಾಗಿದ್ದವು. ಯಾರಿಂದ ಇಡೀ ಬ್ಯಾಂಡಿಗೆ ಬಾಗಿಲು ಮುಚ್ಚಿತ್ತೋ ಅದೇ ಮಹಾಶಯ ಹದಿನೈದು ವರ್ಷದ ಮೇಲೆ ಒಬ್ಬನೇ ಜಪಾನಿಗೆ ಹೋಗಿ, ಜೋ ಸಾಟ್ರಿಯಾನಿಯನ್ನು ಗಿಟಾರ್‌ಗೆ ನಿಲ್ಲಿಸಿಕೊಂಡು, ಸ್ಟೋನ್ಸ್ ಹಾಡುಗಳನ್ನೇ ಹಾಡಿ ಬಂದ. ಬ್ಯಾಂಡಿಗೆ ಆ ಭಾಗ್ಯ ಸಿಕ್ಕಿದ್ದು 1990ರಲ್ಲಿ. ಇಲ್ಲಿ ಮಾತ್ರ ಕೀತ್ ಪಕ್ಷ ಹೇಳುವುದು ನೂರಕ್ಕೆ ನೂರು ನ್ಯಾಯ. ಕೀತ್ ಕೂಡ ಸುಮ್ಮನಿರಲಿಲ್ಲ, ಅದೇ ವರ್ಷ ತನ್ನದೇ ಸೋಲೋ ಆಲ್ಬಂ ತಂದು, ಅದರಲ್ಲೊಂದು ಹಾಡನ್ನು ನೇರ ಮಿಕ್‌ಗೇ ಗುರಿಯಿಟ್ಟ.

‘ವಾಂಡರಿಂಗ್ ಸ್ಪಿರಿಟ್’ ಯಾಕೆ ಗೆದ್ದಿತು? ನಿರ್ಮಾಪಕ ರಿಕ್ ರೂಬಿನ್‌ಗೆ ಅಲಂಕಾರ ಕಂಡರೆ ಆಗದು, ಅದಕ್ಕೆ. ಬ್ಲೂಸ್, ಕಂಟ್ರಿ, ಕಡೆಯಲ್ಲೊಂದು ಹಳೆಯ ಜಾನಪದ ಹಾಡು, ನಡುವೆ ಬಿಲ್ ವಿದರ್ಸ್‌ನ ‘ಯೂಸ್ ಮಿ’. ‘ಈವನಿಂಗ್ ಗೌನ್’ ಕೇಳಿದ ಮೇಲೂ ಮಿಕ್‌ಗೆ ಹೃದಯವಿಲ್ಲ ಎನ್ನುವವರಿಗೆ ಕಿವಿಯ ಡಾಕ್ಟರನ್ನು ತೋರಿಸಬೇಕು. ಪಾಠ ಕಲಿತನೇ ಅಂದರೆ, ಎಲ್ಲಿ! ಮುಂದಿನ ಆಲ್ಬಂಗೆ ಬೊನೊ, ಪೀಟ್ ಟೌನ್‌ಸೆಂಡ್, ಲೆನ್ನಿ ಕ್ರಾವಿಟ್ಜ್, ವೈಕ್ಲೆಫ್ ಜಾನ್ ಎಂದು ಆ ಕಾಲದ ದೊಡ್ಡ ಹೆಸರುಗಳನ್ನೆಲ್ಲ ಕರೆದು ಪಂಕ್ತಿ ಹಾಕಿದ. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಸ್ಥಾಪಕ ಯಾನ್ ವೆನ್ನರ್ ಖುದ್ದು ವಿಮರ್ಶೆ ಬರೆದು ಐದಕ್ಕೆ ಐದು ನಕ್ಷತ್ರ ಕೊಟ್ಟ. ಬ್ರಿಟನ್ನಿನಲ್ಲಿ ಮೊದಲ ದಿನ ಸಾವಿರ ಪ್ರತಿಯೂ ಖರ್ಚಾಗಲಿಲ್ಲವೆಂದು ಪತ್ರಿಕೆಗಳು ಬರೆದವು. ಕೀತ್ ಆ ಆಲ್ಬಂ ಹೆಸರಿನ ಮೊದಲ ಪದ ಕಿತ್ತು ಅಲ್ಲಿ ನಾಯಿ ಮಾಡುವ ಗಲೀಜಿನ ಹೆಸರು ಇಟ್ಟ. ಹಾಗೆಂದು ‘ಗಾಡ್ ಗೇವ್ ಮಿ ಎವ್ರಿಥಿಂಗ್’ ಕೇಳದೆ ಬಿಡಬೇಡಿ, ಅದು ಒಳ್ಳೆಯ ಹಾಡು.

2011ರ ‘ಸೂಪರ್‌ಹೆವಿ’ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂಬುದು ಉಪಜಗಳ. ಎ.ಆರ್. ರೆಹಮಾನ್, ಜಾಸ್ ಸ್ಟೋನ್, ಡೇವ್ ಸ್ಟೀವರ್ಟ್, ಡೇಮಿಯನ್ ಮಾರ್ಲಿ ಜೊತೆ ಸೇರಿ ಮಾಡಿದ ಆಲ್ಬಂ. ಅದರಲ್ಲಿ ‘ಸತ್ಯಮೇವ ಜಯತೇ’ ಎಂಬ ಹಾಡಿದೆ. ಮುಂಡಕೋಪನಿಷತ್ತು ಎಲ್ಲೆಲ್ಲಿ ಹೋಗಿ ಬಂತು ನೋಡಿ.

ಕೀತ್ ಪಕ್ಷವೂ ತಲೆಬಾಗುವ ಒಂದು ಜಾಗ ಮಿಕ್‌ನ ಹಾರ್ಮೋನಿಕಾ. ಅದನ್ನು ಊದುವಾಗ ಮಾತ್ರ ಅವನಲ್ಲಿ ಲೆಕ್ಕಾಚಾರವಿಲ್ಲ ಎಂದು ಕೀತ್ ಬಾಯಲ್ಲೇ ಬಂದಿದೆ. ಅದನ್ನು ಅನುಕರಿಸಲು ಹೋಗುವವರು ಮೊದಲೇ ಎಡವುತ್ತಾರೆ. ಹಾಡು ‘ಇ’ (E) ಶ್ರುತಿಯಲ್ಲಿದೆ ಅಂತ ‘ಇ’ ಹಾರ್ಮೋನಿಕಾ ಕೊಂಡರೆ ಶಾಲೆಯ ಪ್ರಾರ್ಥನೆ ಹೊರಡುತ್ತದೆಯೇ ಹೊರತು ಬ್ಲೂಸ್ ಅಲ್ಲ. ‘ಇ’ಗೆ ‘ಎ’ (A) ಹಾರ್ಮೋನಿಕಾ ಹಿಡಿಯಬೇಕು. ಆಗ ಎರಡನೇ ರಂಧ್ರದಲ್ಲಿ ಉಸಿರು ಒಳಗೆಳೆದರೆ ಸಿಗುವುದೇ ‘ಇ’. ಹೀಗೆ ಒಳಗೆಳೆಯುವ ಸ್ವರಗಳನ್ನು ನಾಲಿಗೆಯ ಹಿಂಭಾಗ ತಗ್ಗಿಸಿ ಕೆಳಗೆ ಬಗ್ಗಿಸಬಹುದು: ಎರಡನೆಯ ರಂಧ್ರದಲ್ಲಿ ಎರಡು ಅರ್ಧಸ್ವರ, ಮೂರನೆಯದರಲ್ಲಿ ಮೂರು. ಹೊಸಬರಿಗೆ ಎರಡನೇ ರಂಧ್ರ ಉಸಿರು ಕಟ್ಟಿದ ಹಾಗೆ ಮೂಕಾಗುತ್ತದೆ. ಹಾರ್ಮೋನಿಕಾ ಕೆಟ್ಟಿದೆಯೆಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಜೋರಾಗಿ ಎಳೆಯುವುದನ್ನು ಬಿಟ್ಟು ದವಡೆ ಸಡಿಲಿಸಿ.

ಮೈಕಟ್ಟಿನ ಬಗ್ಗೆ ವಾದವೇ ಇಲ್ಲ. ಅಪ್ಪ ಜೋ ಜಾಗರ್ ವ್ಯಾಯಾಮ ಶಿಕ್ಷಕ. 2019ರ ಏಪ್ರಿಲ್‌ನಲ್ಲಿ ಹೃದಯದ ಕವಾಟ ಬದಲಿಸಿಕೊಂಡು, ಮೇ ತಿಂಗಳಲ್ಲಿ ಕುಣಿಯುವ ವಿಡಿಯೊ ಹಾಕಿ, ಜೂನ್‌ನಲ್ಲಿ ಷಿಕಾಗೋ ವೇದಿಕೆ ಹತ್ತಿದಾಗ ವಯಸ್ಸು 75. ಕಾರ್ಯಕ್ರಮದ ನಡುವೆ ಕೀತ್ ಒಂದೆರಡು ಹಾಡು ಹಾಡುವಾಗ ಮಾತ್ರ ಮಿಕ್ ಒಳಗೆ ಹೋಗಿ ಸುಧಾರಿಸಿಕೊಳ್ಳುತ್ತಾನೆ. ಮಿಕ್ ಪಕ್ಷದವರು ಶೌಚಾಲಯಕ್ಕೆ ಏಳುವುದೂ ಅದೇ ಹೊತ್ತಿಗೆ, ಕೀತ್ ಪಕ್ಷದವರು ಅವರ ಕಾಲು ತುಳಿಯುವುದೂ ಅದೇ ಹೊತ್ತಿಗೆ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಳೆ ಸುರಿದಾಗ ಎರಡೂ ಪಕ್ಷ ಸಮಾನವಾಗಿ ನೆನೆದವು.

ಹಳೆಯ ಎಲ್‌ಪಿ ರೆಕಾರ್ಡ್ ಕೊಳ್ಳುವವರಿಗೆ ಒಂದು ಮಾತು. 1971ರ ‘ಸ್ಟಿಕಿ ಫಿಂಗರ್ಸ್’ ಹೊದಿಕೆಯ ಮೇಲೆ ನಿಜವಾದ ಜಿಪ್ ಇತ್ತು. ಹೊದಿಕೆಯ ಚಿತ್ರದಲ್ಲಿರುವ ಪ್ಯಾಂಟು ಮಿಕ್‌ನದ್ದಲ್ಲ, ಪಂದ್ಯ ಕಟ್ಟಿ ಸೋತವರು ಬಹಳ. ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸಿದಾಗ ಜಿಪ್ಪಿನ ಹಿಡಿ ಒತ್ತಿ, ‘ಸಿಸ್ಟರ್ ಮಾರ್ಫಿನ್’ ಹಾಡಿನ ಗೆರೆಗಳೇ ಹಾಳಾಗುತ್ತಿದ್ದವು. ಜಿಪ್ಪನ್ನು ಅರ್ಧಕ್ಕೆ ಇಳಿಸಿ ಕಳಿಸುವುದು ಹೊದಿಕೆ ತಯಾರಿಸಿದವರು ಕಂಡುಕೊಂಡ ಉಪಾಯ. ಆಗ ಒತ್ತು ಬೀಳುವುದು ನಡುವಿನ ಲೇಬಲ್ ಮೇಲೆ. ಆದ್ದರಿಂದ ಕೊಳ್ಳುವ ಮೊದಲು ಎರಡನೇ ಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಆ ಜಿಪ್ಪಿನ ಯೋಚನೆ ಆಂಡಿ ವಾರ್ಹಾಲ್‌ನದ್ದು. ಅದೇ ಆಲ್ಬಂನಲ್ಲಿ ಮೊದಲು ಕಾಣಿಸಿಕೊಂಡ ನಾಲಿಗೆಯ ಚಿತ್ರವೂ ಅವನದೇ ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅಲ್ಲ. ಬರೆದದ್ದು ಜಾನ್ ಪಾಷ್ ಎಂಬ ಕಲಾ ವಿದ್ಯಾರ್ಥಿ, ಮೊದಲು ಸಿಕ್ಕ ಸಂಭಾವನೆ 50 ಪೌಂಡ್. ಮಾದರಿಗೆಂದು ಮಿಕ್ ತೋರಿಸಿದ್ದು ನಮ್ಮ ಕಾಳಿಯ ಚಿತ್ರ.

ಇನ್ನುಳಿದದ್ದು ಮಿಕ್‌ನ ಕಾಲ್ಗುಣ. 2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಬಿಲ್ ಕ್ಲಿಂಟನ್ ಪಕ್ಕ ಕೂತು ಅಮೆರಿಕದ ಪಂದ್ಯ ನೋಡಿದ, ಅಮೆರಿಕ ಸೋತಿತು. ಮರುದಿನ ಇಂಗ್ಲೆಂಡ್ ಪರ ಹೋದ, ಜರ್ಮನಿ 4–1. ಆಮೇಲೆ ಬ್ರೆಜಿಲ್ ಪರ ಹೋದ, ಅದೂ ಮನೆಗೆ ಹೋಯಿತು. 2014ರಲ್ಲಿ ಬ್ರೆಜಿಲ್ ಜನ ಬುದ್ಧಿ ಕಲಿತು, ಎದುರಾಳಿ ತಂಡದ ಅಂಗಿ ತೊಡಿಸಿದ ಮಿಕ್‌ನ ರಟ್ಟಿನ ಪ್ರತಿಮೆಗಳನ್ನು ಗ್ಯಾಲರಿಗೆ ಹೊತ್ತು ತಂದರು. ಸೆಮಿಫೈನಲ್‌ಗೆ ನಿಜವಾದ ಮಿಕ್ಕೇ ಬಂದು ಕೂತ. ಫಲಿತಾಂಶ 7–1, ಗೆದ್ದದ್ದು ಜರ್ಮನಿ. 2018ರ ಸೆಮಿಫೈನಲ್‌ನಲ್ಲಿ ಕ್ರೊಯೇಷಿಯಾ ವಿರುದ್ಧ ಇಂಗ್ಲೆಂಡ್ ಸೋತಾಗಲೂ ಆತ ಹಾಜರು.

ಕ್ರಿಕೆಟ್ ಹುಚ್ಚು ಇನ್ನೂ ಹಳೆಯದು. 1997ರಲ್ಲೇ ಸ್ವಂತ ಕಂಪನಿ ಕಟ್ಟಿ, ಶಾರ್ಜಾ ಪಂದ್ಯಾವಳಿಯನ್ನು ಇಂಟರ್ನೆಟ್ಟಿನಲ್ಲಿ ಪ್ರಸಾರ ಮಾಡಿಸಿದ ಮನುಷ್ಯ. 2023ರ ನವೆಂಬರ್‌ನಲ್ಲಿ ಕೋಲ್ಕತ್ತಾಗೆ ಬಂದು, ದೀಪಾವಳಿ ಮತ್ತು ಕಾಳಿ ಪೂಜೆಯ ಶುಭಾಶಯ ಹೇಳಿ, ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಇಂಗ್ಲೆಂಡ್ ವಿಶ್ವಕಪ್ ಪಂದ್ಯ ಆಡುವುದನ್ನು ನೋಡಿದ. ಇಂಗ್ಲೆಂಡ್ ಗೆದ್ದಿತು. ದೋಷ ಕಳೆಯಿತು ಎಂದಿತು ಮಿಕ್ ಪಕ್ಷ. ಅಷ್ಟರಲ್ಲಾಗಲೇ ಇಂಗ್ಲೆಂಡ್ ಸೆಮಿಫೈನಲ್ ಓಟದಿಂದ ಹೊರಬಿದ್ದಿತ್ತಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ ಎಂದು ಕೀತ್ ಪಕ್ಷ ಕೇಳುತ್ತಲೇ ಇದೆ.