ಡಿಜೆ ಪಕ್ಕ ಟ್ಯಾರೋ ಟೇಬಲ್ ಹಾಕೋ ಪುಣ್ಯಾತ್ಮರೇ

ಡಿಸೆಂಬರ್ ಬಂತು ಅಂದ್ರೆ ಸಾಕು, ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿ ತನಕ ಆಫೀಸು, ಅಪಾರ್ಟ್‌ಮೆಂಟು ಎಲ್ಲಿ ಪಾರ್ಟಿ ಇದ್ರೂ ಕ್ರಿಸ್ಮಸ್ ಟ್ರೀ ಪಕ್ಕ ಚಿತ್ರದ ಎಲೆ ತೆಗೆದು ಭವಿಷ್ಯ ಹೇಳೋ ಒಂದು ಟ್ಯಾರೋ ಟೇಬಲ್. ಇರ್ಲಿ, ಬೇಡ ಅನ್ನಲ್ಲ. ನಡೆಸೋ ರೀತಿ ನೋಡಿದ್ರೆ ಮಾತ್ರ ಮೈ ಉರಿಯುತ್ತೆ.

ಸ್ವಲ್ಪ ಲೆಕ್ಕ ಹಾಕ್ರಪ್ಪ. ರೀಡರ್‌ನ ಎರಡು ಗಂಟೆಗೆ ಬುಕ್ ಮಾಡಿ ಅರವತ್ತು ಜನಕ್ಕೆ ಕೂಪನ್ ಹಂಚ್ತೀರಿ. ತಲೆಗೆ ಎರಡು ನಿಮಿಷ! ಏನು ಕೇಳಬೇಕು ಅಂತ ಸರಿಯಾಗಿ ಗೊತ್ತು ಮಾಡ್ಕೊಳ್ಳೋಕೇ ಅಷ್ಟು ಹಿಡಿಯುತ್ತೆ. ಆಮೇಲೆ ಎಲೆ ಕಲಸಬೇಕು, ಕಟ್ ಮಾಡಿಸ್ಬೇಕು, ಮೂರು ಎಲೆ ಇಟ್ಟು ಮೂರನ್ನೂ ಸೇರಿಸಿ ಓದಬೇಕು. ಕಮ್ಮಿ ಅಂದ್ರೂ ಎಂಟ್ಹತ್ತು ನಿಮಿಷ. ಹತ್ತು ಎಲೆ ಹರಡಿ ಓದೋ ಸೆಲ್ಟಿಕ್ ಕ್ರಾಸ್ ಅಂತೂ ಪಾರ್ಟಿಗೆ ತರಲೇಬೇಡಿ.

ಟೈಮ್ ಇಲ್ಲ ಅಂದಾಗ ಮೊದಲು ಕೈಬಿಡೋದು ಕಲಸೋದನ್ನ. 78 ಎಲೆ, ಒಂದೊಂದೂ ಇಸ್ಪೀಟ್ ಎಲೆಗಿಂತ ದೊಡ್ಡದು, ಸಾಲದ್ದಕ್ಕೆ ಗೋಬಿ ಮಂಚೂರಿ ತಿಂದ ಕೈ ತಾಗಿ ಒಂದಕ್ಕೊಂದು ಅಂಟಿರುತ್ತೆ. ಎರಡು ಸಲ ಮೇಲೆ ಕೆಳಗೆ ಮಾಡಿದ್ರೆ ಹಿಂದಿನವರಿಗೆ ಬಂದ ಎಲೆಗಳು ಗುಂಪಾಗಿ ಹಾಗೇ ಕೂತಿರುತ್ತವೆ. ಆಮೇಲೆ ‘ಅಯ್ಯೋ, ನಂಗೂ ಟವರ್ ಎಲೆ ಬಂತು ಕಣೇ!’ ಅಂತ ಕಿರುಚಾಟ. ವಿಧಿನೂ ಅಲ್ಲ, ಮಣ್ಣೂ ಅಲ್ಲ. ಎಲೆ ಕಲಸಿಲ್ಲ, ಅಷ್ಟೇ.

ಇನ್ನು ಕೆಲವರು ಇಸ್ಪೀಟಿನ ಥರ ನಾಲ್ಕು ಗುಂಪಿನ 56 ಮೈನರ್ ಎಲೆ ಮನೇಲಿಟ್ಟು, ಒಂದೊಂದಕ್ಕೂ ಬೇರೆ ಹೆಸರಿರೋ 22 ಮೇಜರ್ ಎಲೆ ಮಾತ್ರ ತರ್ತಾರೆ, ಬೇಗ ಮುಗಿಯುತ್ತೆ ಅಂತ. ಜನ ಹೆದರೋ ಡೆತ್, ಡೆವಿಲ್, ಟವರ್ ಮೂರೂ ಆ 22ರಲ್ಲೇ ಇವೆ. ಪೂರ್ತಿ ಕಟ್ಟಿಂದ ಮೂರು ಎಲೆ ತೆಗೆದ್ರೆ ಇವುಗಳಲ್ಲಿ ಒಂದಾದ್ರೂ ಬರೋದು ನೂರಕ್ಕೆ ಸುಮಾರು 11 ಸಲ. 22ರಿಂದ ತೆಗೆದ್ರೆ 37 ಸಲ. ಹೆದರಿಸೋಕೆ ಎಂಥಾ ಏರ್ಪಾಡು ನೋಡಿ!

ಹೆದರಿಕೇಲೇ ಇವರ ವ್ಯಾಪಾರ ಇರೋದು. 1909ರ ರೈಡರ್ ವೇಯ್ಟ್ ಅನ್ನೋ ಟ್ಯಾರೋ ಕಟ್ಟಲ್ಲಿ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದಿರೋ ಡೆತ್ ಎಲೆ ಸರಿಯಾಗಿ ನೋಡಿ. ಬಿಳಿ ಕುದುರೆ ಮೇಲೆ ಅಸ್ಥಿಪಂಜರ, ಕೈಲಿ ಬಿಳಿ ಗುಲಾಬಿಯ ಕಪ್ಪು ಬಾವುಟ, ದೂರದಲ್ಲಿ ಎರಡು ಗೋಪುರದ ನಡುವೆ ಸೂರ್ಯ. ಒಂದು ಮುಗಿದು ಇನ್ನೊಂದು ಶುರು ಅಂತ ಓದೋ ಎಲೆ ಅದು. ಅದನ್ನ ವಿವರಿಸೋಕೆ ಎರಡು ನಿಮಿಷದಲ್ಲಿ ಜಾಗ ಎಲ್ಲಿ? ‘ಹುಷಾರಾಗಿರಿ ಮೇಡಂ’ ಅಂದು, ಪರಿಹಾರಕ್ಕೆ ಕ್ರಿಸ್ಟಲ್ ಬ್ರೇಸ್‌ಲೆಟ್‌ನ ಕ್ಯೂಆರ್ ಕೋಡ್ ತೋರಿಸಿ, ನೆಕ್ಸ್ಟ್! ಮೊನ್ನೆ ತಾನೇ ಎಂಗೇಜ್‌ಮೆಂಟ್ ಆದವಳು ರಾತ್ರಿಯೆಲ್ಲಾ ನಿದ್ದೆಗೆಟ್ಟು ಕೂರಬೇಕು. ನಮ್ಮ ಗಿಣಿಶಾಸ್ತ್ರದವರೇ ವಾಸಿ, ಗಿಣಿ ತೆಗೆದ ಚೀಟೀನ ಪೂರ್ತಿ ಓದಿ ಹೇಳ್ತಾರೆ.

ಸ್ಟ್ಯಾಂಡೀ ಮೇಲೆ ಬೇರೆ ‘ಪ್ರಾಚೀನ ಈಜಿಪ್ಟಿನ ವಿದ್ಯೆ’! 15ನೇ ಶತಮಾನದ ಇಟಲೀಲಿ ಇಸ್ಪೀಟಿನ ಥರ ಆಡ್ತಿದ್ದ ಆಟ ರೀ ಅದು. ಈಜಿಪ್ಟಿನ ಕಥೆ ಕಟ್ಟಿದ್ದು 18ನೇ ಶತಮಾನದ ಫ್ರಾನ್ಸಲ್ಲಿ.

ಇಷ್ಟರ ಮೇಲೆ, ಕ್ಯೂ ಕುರ್ಚಿ ಬೆನ್ನಿಗೇ ಅಂಟ್ಕೊಂಡಿರುತ್ತೆ. ಪೇಪರ್ ಪ್ಲೇಟ್ ಹಿಡ್ಕೊಂಡು ಮ್ಯಾನೇಜರ್ ಹಿಂದೇನೇ ನಿಂತಿರುವಾಗ ‘ಕೆಲಸ ಬಿಡ್ಲಾ?’ ಅಂತ ಯಾರು ಕೇಳ್ತಾರೆ? ಕೇಳಿದ್ರೂ ಡಿಜೆ ಗಲಾಟೇಲಿ ಕಿರುಚಿ ಕೇಳಬೇಕು.

ಮಾಡೋದಾದ್ರೆ ಬಾಗಿಲು ಹಾಕೋ ಒಂದು ಮೀಟಿಂಗ್ ರೂಮ್ ಕೊಡಿ. ಎರಡು ಗಂಟೆಗೆ ಹನ್ನೆರಡೇ ಕೂಪನ್, ಚೀಟಿ ಎತ್ತಿ ಹಂಚಿ. ಪೂರ್ತಿ 78 ಎಲೆ ತರಬೇಕು, ಕಾಯಿಲೆ-ಸಾವಿನ ಪ್ರಶ್ನೆ ತಗೊಳ್ಳಬಾರದು, ಏನೂ ಮಾರಬಾರದು ಅಂತ ರೀಡರ್‌ಗೆ ಮೊದಲೇ ಹೇಳಿ. ಆಗಲ್ವಾ? ತಂಬೋಲಾ ಆಡಿಸ್ರಪ್ಪ, ಅದಕ್ಕೆ ಡಿಜೆ ಹತ್ರ ಇರೋ ಮೈಕ್ ಒಂದಿದ್ರೆ ಸಾಕು.