ಜಪಾನಿ ಕತ್ತಿಯ ಹಿಡಿಯೊಳಗಿನ ತುಕ್ಕನ್ನು ಉಜ್ಜಬೇಡಿ

'ಹಳೆಯ ಜಪಾನಿ ಕತ್ತಿ ಸಿಕ್ಕರೆ ಹಿಡಿ ಬಿಚ್ಚಿ, ಒಳಗಿನ ತುಕ್ಕನ್ನು ಸ್ಯಾಂಡ್‌ಪೇಪರ್‌ನಿಂದ ತೆಗೆಯಿರಿ, ಕತ್ತಿ ಮಾಡಿದವನ ಸಹಿ ಹೊಳೆಯುತ್ತದೆ, ಬೆಲೆ ಏರುತ್ತದೆ' ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಹಿಡಿಯೊಳಗೆ ಕೂರುವ ಆ ಭಾಗಕ್ಕೆ ನಕಾಗೊ ಎನ್ನುತ್ತಾರೆ. ಅಲಗಿಗೆ ಆಗಾಗ ಸಾಣೆ ಹಿಡಿಸುವುದುಂಟು. ನಕಾಗೊವನ್ನು ಮಾತ್ರ ಬೇಕೆಂದೇ ಹಾಗೇ ಬಿಡುತ್ತಾರೆ. ಅಲ್ಲಿ ನಿಧಾನವಾಗಿ ಕಟ್ಟಿದ ಕಪ್ಪು ತುಕ್ಕಿನ ಬಣ್ಣ, ಅರದ ಗೆರೆಗಳು, ಕೊರೆದ ಸಹಿ, ಇವನ್ನು ನೋಡಿಯೇ ತಜ್ಞರು ಕತ್ತಿಯ ವಯಸ್ಸು ಅಂದಾಜು ಮಾಡುವುದು. ಖೋಟಾ ಸಹಿ ಪತ್ತೆಗೂ ಇದೇ ಆಧಾರ. ಒಮ್ಮೆ ಉಜ್ಜಿದರೆ ಆ ಸಾಕ್ಷಿ ಮತ್ತೆ ಬರುವುದಿಲ್ಲ. ಬೆಲೆಯೂ ಬೀಳುತ್ತದೆ. ನೂರಾರು ವರ್ಷದ ಗುರುತು ಐದು ನಿಮಿಷದಲ್ಲಿ ಹೋಗುವುದು ನಿಜಕ್ಕೂ ಸಂಕಟದ ವಿಷಯ.

ಅಲಗಿನ ಮೇಲೆ ನಂಬರ್ ಇದ್ದರೆ ಸಮುರಾಯಿ ಕಾಲದ್ದು ಎಂದೂ ಆ ಸಂದೇಶದಲ್ಲಿದೆ. ಅದೂ ಸರಿಯಲ್ಲ. 1935ರಲ್ಲಿ ಬಂದ 'ಟೈಪ್ 95' ಸೇನಾ ಕತ್ತಿಗಳು ಕಾರ್ಖಾನೆಯಲ್ಲಿ ತಯಾರಾದವು, ಆ ನಂಬರ್ ಅಲ್ಲಿನದು. ಆದರೆ ಸೇನೆಯ ಹಿಡಿ ಇರುವುದೆಲ್ಲ ಯಂತ್ರದ್ದು ಅಂತಲೂ ಅಲ್ಲ. ಕೆಲವು ಅಧಿಕಾರಿಗಳು ಮನೆತನದ ಹಳೆಯ ಅಲಗಿಗೇ ಸೇನೆಯ ಹಿಡಿ ಹಾಕಿಸಿಕೊಂಡಿದ್ದರು.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಉಜ್ಜಲು ಶುರು ಮಾಡಿದ್ದರೆ ಅಲ್ಲಿಗೇ ನಿಲ್ಲಿಸಿ, ತಿಳಿದವರಿಗೆ ತೋರಿಸಿ.