ಕ್ಯಾಲೆಂಡರ್‌ನಲ್ಲಿ ವರ್ಷ ಆಯ್ತು, ಫೈಲ್‌ನಲ್ಲಿ ಆಗಿರಲಿಲ್ಲ

ಕೆನಡಾಕ್ಕೆ ಓದಲು ಬಂದ ನಮ್ಮ ಹುಡುಗರು ವಾರಕ್ಕೊಬ್ಬರಾದರೂ ಫೋನ್ ಮಾಡುತ್ತಾರೆ. "ಅಣ್ಣಾ, ಕೆಲಸಕ್ಕೆ ಸೇರಿ ಒಂದು ವರ್ಷ ಆಯ್ತು, ಪಿಆರ್‌ಗೆ ಹಾಕಬಹುದಾ?" ಪಿಆರ್ ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿ. ಪೇ ಸ್ಟಬ್ (ಸಂಬಳದ ಚೀಟಿ) ಎಲ್ಲ ಇಟ್ಟಿದ್ದೀಯಾ ಅಂತ ಕೇಳಿದರೆ, ಅದಕ್ಕೂ ಇದಕ್ಕೂ ಏನು ಸಂಬಂಧ ಅನ್ನುತ್ತಾರೆ. ನಾನೂ ಹಾಗೇ ಅಂದವನೇ.

ನಾನು ಮಿಸ್ಸಿಸಾಗಾದ ಒಂದು ಲಾಜಿಸ್ಟಿಕ್ಸ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ವರ್ಷ ತುಂಬಿದ ದಿನವೇ ಎಕ್ಸ್‌ಪ್ರೆಸ್ ಎಂಟ್ರಿ (ಅಂಕ ಕೊಟ್ಟು ಪಿಆರ್‌ಗೆ ಆರಿಸುವ ವ್ಯವಸ್ಥೆ) ಪ್ರೊಫೈಲ್ ಹಾಕಲು ಕೂತಿದ್ದೆ. ದುಡ್ಡು ಕೊಟ್ಟು ಹಿಡಿದಿದ್ದ ಕನ್ಸಲ್ಟೆಂಟ್ ಕೂಡ "ವರ್ಷ ಆಯ್ತಲ್ಲ, ಹಾಕಿಬಿಡೋಣ" ಅಂದಿದ್ದ. ರೂಮ್‌ಮೇಟ್ ಬಿಡಲಿಲ್ಲ. ಮೊದಲು ಗಂಟೆ ಎಣಿಸು ಅಂದ. ಅಡುಗೆಮನೆ ಟೇಬಲ್ ಮೇಲೆ ಪೇ ಸ್ಟಬ್ ಹರಡಿಕೊಂಡು ಎಕ್ಸೆಲ್ ಮಾಡಿದೆವು.

ಇಲ್ಲಿ ಕೆಲಸ ಮಾಡಿದವರಿಗೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿರುವ ದಾರಿ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್. ಅದಕ್ಕೆ ಬೇಕಿರುವುದು ಹಿಂದಿನ 3 ವರ್ಷದೊಳಗೆ 1,560 ಗಂಟೆ, ಅಂದರೆ ವಾರಕ್ಕೆ 30ರಂತೆ 12 ತಿಂಗಳು. ಚಳಿಗಾಲದಲ್ಲಿ ಸರಕು ಕಡಿಮೆಯಾಗಿ 11 ವಾರ ನನಗೆ ಸಿಕ್ಕಿದ್ದು ವಾರಕ್ಕೆ 24 ಗಂಟೆ ಮಾತ್ರ. ಡಿಸೆಂಬರ್‌ನಲ್ಲಿ ವಾರಕ್ಕೆ 48 ಗಂಟೆ ಮೈ ಮುರಿದು ದುಡಿದಿದ್ದೆನಲ್ಲ, ಅದರಲ್ಲಿ ಸರಿಹೋಗುತ್ತೆ ಅಂದುಕೊಂಡೆ. ಹೋಗಲ್ಲ. 30ರ ಮೇಲಿನ ಒಂದು ನಿಮಿಷವೂ ಲೆಕ್ಕಕ್ಕಿಲ್ಲ. ಅಲ್ಲಿಗೆ 66 ಗಂಟೆ ಖೋತಾ. ಸಂಬಳವಿಲ್ಲದ ರಜೆ ಹಾಕಿ ಊರಿಗೆ ಹೋಗಿದ್ದ 2 ವಾರ ಸೇರಿ 126. ಸಂಬಳದ ರಜೆಯಾಗಿದ್ದರೆ ಲೆಕ್ಕಕ್ಕೆ ಬರುತ್ತಿತ್ತು! ಅಂತೂ ಇನ್ನೂ 5 ವಾರ ಕಾಯಬೇಕಾಯಿತು. ಅಷ್ಟರಲ್ಲಿ ನನಗೆ 30 ತುಂಬಿ, ವಯಸ್ಸಿನ ಅಂಕ 110 ಇದ್ದದ್ದು 105ಕ್ಕೆ ಇಳಿಯಿತು.

ಓದುವಾಗ ದಿನಸಿ ಅಂಗಡಿಯಲ್ಲಿ ಡಬ್ಬ ಜೋಡಿಸಿದ ಒಂದೂವರೆ ವರ್ಷ? ಸೊನ್ನೆ. ಫುಲ್ ಟೈಮ್ ವಿದ್ಯಾರ್ಥಿಯಾಗಿ ಮಾಡಿದ ಕೆಲಸ ಇದಕ್ಕೆ ಬರಲ್ಲ, ಆ ಕೆಲಸ ಇದಕ್ಕೆ ಬೇಕಾದ ಟೀರ್ (ಕೆಲಸದ ದರ್ಜೆ) 0ರಿಂದ 3ರೊಳಗೆ ಇರಲೂ ಇಲ್ಲ.

ಪರ್ಮಿಟ್ ಕಥೆ ಬೇರೆ. ಪಿಜಿಡಬ್ಲ್ಯುಪಿ (ಓದು ಮುಗಿಸಿದವರಿಗೆ ಕೊಡುವ ಕೆಲಸದ ಪರ್ಮಿಟ್) 3 ವರ್ಷಕ್ಕೆ ಸಿಗುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಪಾಸ್‌ಪೋರ್ಟ್ ಅವಧಿ ಎಷ್ಟಿದೆಯೋ ಅಷ್ಟಕ್ಕೇ ಕೊಡುತ್ತಾರೆ ಅಂತ ಯಾರೂ ಹೇಳಲ್ಲ. ನನ್ನ ಪಾಸ್‌ಪೋರ್ಟ್‌ನಲ್ಲಿ ಉಳಿದಿದ್ದು 14 ತಿಂಗಳು, ಪರ್ಮಿಟ್ಟೂ 14 ತಿಂಗಳು. ಪಾಸ್‌ಪೋರ್ಟ್ ರಿನ್ಯೂ ಮಾಡಿಸಿ, ಉಳಿದ ಅವಧಿಗೆ ಅರ್ಜಿ ಹಾಕಿದಾಗ ಪರ್ಮಿಟ್ ಮುಗಿಯಲು ಎರಡೇ ವಾರ ಇತ್ತು. ಮುಗಿಯುವ ಮುಂಚೆ ಹಾಕಿದರೆ ಮೇಂಟೇನ್ಡ್ ಸ್ಟೇಟಸ್, ತೀರ್ಮಾನ ಬರೋ ತನಕ ಹಳೆ ಷರತ್ತಿನಲ್ಲೇ ಕೆಲಸ ಮಾಡಬಹುದು. ಒಂದು ದಿನ ತಡವಾದರೆ ಕೆಲಸ ನಿಲ್ಲಿಸಬೇಕು. 90 ದಿನದೊಳಗೆ ರೆಸ್ಟೊರೇಷನ್‌ಗೆ, ಅಂದರೆ ಹೋದ ಸ್ಟೇಟಸ್ ವಾಪಸ್ ಕೊಡಿ ಅಂತ, ಹಾಕಿಕೊಳ್ಳಬಹುದು, ಆದರೆ ಅದು ಬರೋ ತನಕ ಕೆಲಸ ಮಾಡುವಂತಿಲ್ಲ. ಇನ್ನೊಂದು, ಮೇಂಟೇನ್ಡ್ ಸ್ಟೇಟಸ್‌ನಲ್ಲಿರುವಾಗ ದೇಶ ಬಿಟ್ಟು ಹೊರಗೆ ಹೋದರೆ, ವಾಪಸ್ ಬಂದರೂ ಹೊಸ ಪರ್ಮಿಟ್ ಕೈಗೆ ಬರುವ ತನಕ ಕೆಲಸಕ್ಕೆ ಹೋಗುವಂತಿಲ್ಲ. ತಂಗಿ ಮದುವೆಯ ಧಾರೆ ನಾನು ನೋಡಿದ್ದು ವಾಟ್ಸಾಪ್‌ನಲ್ಲಿ, ಯಾರೋ ಫೋನನ್ನು ಬಾಳೆಕಂಬಕ್ಕೆ ಒರಗಿಸಿಟ್ಟಿದ್ದರು, ಅರ್ಧ ಹೊತ್ತು ಪುರೋಹಿತರ ಬೆನ್ನೇ ಕಾಣುತ್ತಿತ್ತು.

ನನ್ನ ಸಿಟ್ಟು ರೂಲ್ ಮೇಲಲ್ಲ. ರೂಲ್ ಕೆನಡಾ ವಲಸೆ ಇಲಾಖೆಯ ವೆಬ್‌ಸೈಟ್‌ನಲ್ಲೇ ಇದೆ, ಯಾರು ಬೇಕಾದರೂ ಓದಬಹುದು. ನನ್ನ ಸಿಟ್ಟು ಇರೋದು "ತಲೆ ಕೆಡಿಸ್ಕೋಬೇಡ, ನಾವಿದ್ದೀವಲ್ಲ" ಅನ್ನುವವರ ಮೇಲೆ. ಅವತ್ತು ಪ್ರೊಫೈಲ್ ಹಾಕಿಬಿಟ್ಟಿದ್ದರೆ ತಿರಸ್ಕಾರವಾಗುತ್ತಿದ್ದದ್ದು ನನ್ನ ಅರ್ಜಿ, ಆ ಕನ್ಸಲ್ಟೆಂಟ್‌ನ ಫೀಸಲ್ಲ.

ಕೊನೆಗೆ ಐಟಿಎ, ಅಂದರೆ ಪಿಆರ್‌ಗೆ ಅರ್ಜಿ ಹಾಕಿ ಅನ್ನುವ ಕರೆ, ಬಂತು. ದಾಖಲೆ ಹಾಕಲು 60 ದಿನ. ಬೆಂಗಳೂರಿನ 3 ವರ್ಷದ ಅನುಭವಕ್ಕೂ ಅಂಕ ಕೇಳಿದ್ದೆ, ಆದರೆ ಹಳೆ ಕಂಪನಿಯ ರಿಲೀವಿಂಗ್ ಲೆಟರ್‌ನಲ್ಲಿ ಇದ್ದದ್ದು ಸೇರಿದ ತಾರೀಕು, ಬಿಟ್ಟ ತಾರೀಕು ಮತ್ತು ಶುಭ ಹಾರೈಕೆ. ಇಲ್ಲಿ ಬೇಕಾಗಿದ್ದು ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಸಂಬಳ. ಎಚ್‌ಆರ್ ಅದೆಲ್ಲ ನಮ್ಮ ಪಾಲಿಸಿಯಲ್ಲಿಲ್ಲ ಅಂದುಬಿಟ್ಟರು. ಆಗ ಕೈ ಹಿಡಿದದ್ದು ಹಳೆ ಮ್ಯಾನೇಜರ್. ಅವರೂ ಆ ಕಂಪನಿ ಬಿಟ್ಟಾಗಿತ್ತು, ಆದರೂ ಅಫಿಡವಿಟ್‌ಗೆ ಸಹಿ ಹಾಕಲು ಜಯನಗರದ ನೋಟರಿ ಹತ್ತಿರ ಹೋಗಿ ನಿಂತು ಅಲ್ಲಿಂದಲೇ ಫೋನ್ ಮಾಡಿದರು.

"ವಾರಕ್ಕೆ 40 ಗಂಟೆ ಅಂತ ಇದೆಯಲ್ಲೋ. ನೀನು 60 ಮಾಡ್ತಿದ್ದೆ."

"ಆಫರ್ ಲೆಟರ್‌ನಲ್ಲಿರೋದು 40, ಅದೇ ಇರಲಿ ಸಾರ್," ಅಂದೆ. "30ರ ಮೇಲಿನದ್ದು ಇಲ್ಲಿ ಯಾರಿಗೂ ಬೇಡ."